ಚಂದ್ರನಿಲ್ಲದ ಪದಸೂಚಿ

ಮೊಮ್ಮಗಳು ನನಗೆ ಫೋನಲ್ಲಿ ಕನ್ನಡ ಟೈಪ್ ಮಾಡೋದು ಹೇಳ್ಕೊಟ್ಟು ಮೂರು ವಾರ ಆಯ್ತು. ಒಂದೇ ಬೆರಳಲ್ಲಿ ಕುಟ್ಟೋದು. ಒತ್ತಕ್ಷರ ಬಂದ್ರೆ ಕನ್ನಡಕ ಹಣೆಗೇರಿಸಿ ಹುಡುಕ್ಬೇಕು. ಮೊನ್ನೆ ಅವಳು ಇನ್ನೊಂದು ವಿದ್ಯೆ ತೋರ್ಸಿದ್ಲು. ಫೋನಲ್ಲಿ ‘ಬದ್ನೇಕಾಯಿ’ ಅಂತ ಹೊಡೆದ್ಲು, ನಾನು ಯಾರ್ಯಾರಿಗೆ ಎಲ್ಲೆಲ್ಲಿ ಬದ್ನೇಕಾಯಿ ಅಂತ ಬರ್ದಿದ್ನೋ ಅಷ್ಟೂ ಸಾಲು ಒಂದರ ಕೆಳಗೊಂದು ಬಂದು ನಿಂತ್ವು. ನಾದಿನಿ ಮಾಡಿದ ಎಣ್ಣೆಗಾಯಿ ಬಗ್ಗೆ ನನ್ನ ತಂಗಿಗೆ ಬರ್ದಿದ್ದೂ ಬಂತು.

“ಹೇಗಿದೆ ಅಜ್ಜಿ ಮ್ಯಾಜಿಕ್ಕು?” ಅಂದ್ಲು.

“ಇದನ್ನ ನಾವು ರಟ್ಟಿನ ಡಬ್ಬದಲ್ಲಿ ಮಾಡಿದ್ವಿ ಕಣೆ, ನಿಮ್ಮಪ್ಪ ಇನ್ನೂ ಸ್ಕೂಲಿಗೆ ಹೋಗ್ತಿದ್ದಾಗ” ಅಂದೆ. ನಂಬ್ಲಿಲ್ಲ. ಸುಳ್ಳಿನ ಅಜ್ಜಿ ಅಂತ ನನಗೆ ಮನೇಲಿ ಒಳ್ಳೆ ಹೆಸರಿದೆ. ಅದಕ್ಕೇ ಇದನ್ನ ಬರೀತಿದ್ದೀನಿ. ಇದರಲ್ಲಿರೋ ಒಂದು ಸುಳ್ಳು ನಾನು ಆಗ ಹೇಳಿದ್ದು, ಈಗಿಂದಲ್ಲ.

ತೊಂಬತ್ತರ ದಶಕದ ಕೊನೆ. ನಮ್ಮನೆಯವರಿಗೆ ಬ್ಯಾಂಕಲ್ಲಿ ಟ್ರಾನ್ಸ್‌ಫರ್ ಆಗಿ ಮೈಸೂರಿಂದ ಮದ್ರಾಸಿಗೆ ಬಂದ್ವಿ. ಊರಿನ ಹೆಸರು ಅಷ್ಟೊತ್ತಿಗೆ ಚೆನ್ನೈ ಆಗಿತ್ತು, ಸೆಕೆ ಮಾತ್ರ ಮದ್ರಾಸಿಂದೇ. ತ್ರಿಪ್ಲಿಕೇನಲ್ಲಿ ಮನೆ. ಒಂದು ಕಡೆ ಬ್ಯಾಚುಲರ್ ಹುಡುಗರು ಬಾಡಿಗೆಗಿರೋ ಮ್ಯಾನ್ಶನ್ನು, ಇನ್ನೊಂದು ಕಡೆ ಮೆಸ್ಸು, ಮಧ್ಯದಲ್ಲಿ ನಾವು: ನಾನು, ನಮ್ಮನೆಯವರು, ಅತ್ತೆ, ಮಾವ, ಹೈಸ್ಕೂಲಿಗೆ ಹೋಗೋ ಮಗ. ಮಗ ಆರು ತಿಂಗಳಲ್ಲಿ ತಮಿಳ್ನೋನಾದ. ನಾನು ಕನ್ನಡದಲ್ಲಿ ಬೈದ್ರೆ ತಮಿಳಲ್ಲಿ ಉತ್ತರ ಕೊಡ್ತಿದ್ದ. ನನಗೆ ತಮಿಳು ಬರೋಲ್ಲ ಅಂತ ಧೈರ್ಯ. ಬೈಗುಳ ಮಾತ್ರ ನಾನು ಮೊದಲನೇ ವಾರಾನೇ ಕಲ್ತಿದ್ದೆ, ತರಕಾರಿಯೋಳ ಹತ್ರ.

ಕನ್ನಡದೋರು ಅಂತ ಕಣ್ಣಿಗೆ ಕಾಣ್ಬೇಕಾದ್ರೆ ತಿಂಗಳಿಗೊಂದ್ಸಲ ಕನ್ನಡ ಸಂಘಕ್ಕೆ ಹೋಗ್ಬೇಕಿತ್ತು. ಅಲ್ಲಿ ಒಬ್ಬ ಮೇಷ್ಟ್ರು ಬರ್ತಿದ್ರು. ಕಾಲೇಜಲ್ಲಿ ಕನ್ನಡ ಪಾಠ ಹೇಳೋರು. ಯಾವ ಕಾಲೇಜು ಅಂತ ಬರೆಯೋಲ್ಲ, ಪಾಪ. ಗಟ್ಟಿ ಆಳು, ಗಟ್ಟಿ ದನಿ, ಮೈಕ್ ಇದ್ರೂ ಮೈಕ್ ಇಲ್ಲ ಅನ್ನೋ ಹಾಗೆ ಮಾತಾಡೋರು. ಒಂದು ದಿನ ಎದ್ದು ನಿಂತು, “ನಾವೊಂದು ಪದಸೂಚಿ ಮಾಡೋಣ. ಅಕ್ಷರ ಚೆನ್ನಾಗಿರೋ ಹೆಣ್ಣುಮಕ್ಕಳು ಬೇಕು” ಅಂದ್ರು.

ಪದಸೂಚಿ ಅಂದ್ರೆ ಯಾರಿಗೂ ಗೊತ್ತಾಗ್ಲಿಲ್ಲ. ಅವರೇ ಬಿಡಿಸಿ ಹೇಳಿದ್ರು. ಹಳೆಗನ್ನಡದ ಒಂದು ಕಾವ್ಯ ತೊಗೊಳ್ಳೋದು. ಅದರಲ್ಲಿರೋ ಒಂದೊಂದು ಪದಕ್ಕೂ ಒಂದು ಕಾರ್ಡು. ಎಡಗಡೆ ಮೇಲೆ ಪದ, ಬಲಗಡೆ ಪದ್ಯದ ನಂಬರು, ಕೆಳಗೆ ಆ ಪದ ಇರೋ ಇಡೀ ಸಾಲು. ಆಮೇಲೆ ಎಲ್ಲಾ ಕಾರ್ಡನ್ನೂ ಅಕಾರಾದಿಯಾಗಿ ಜೋಡ್ಸೋದು. ಜೋಡ್ಸಿದ್ಮೇಲೆ ‘ಮರ’ ಅಂತ ತೆಗೆದ್ರೆ ಕವಿ ಎಲ್ಲೆಲ್ಲಿ ಮರ ಅಂದಿದ್ದಾನೆ, ಎಷ್ಟು ಸಲ, ಅದರ ಅಕ್ಕಪಕ್ಕ ಏನಿದೆ, ಎಲ್ಲಾ ಒಂದೇ ಕಡೆ ಸಿಗತ್ತೆ.

“ಅದರಿಂದ ಏನ್ ಉಪಯೋಗ ಸಾರ್?” ಅಂತ ಯಾರೋ ಕೇಳಿದ್ರು.

“ಏನ್ ಉಪಯೋಗಾನಾ! ಕವಿಯ ಮನಸ್ಸೇ ಸಿಗತ್ತೆ ಸ್ವಾಮೀ! ಒಬ್ಬ ಮನುಷ್ಯ ಯಾವ ಮಾತು ಪದೇಪದೇ ಆಡ್ತಾನೆ, ಯಾವ ಮಾತು ಆಡೋದೇ ಇಲ್ಲ, ಇದು ತಿಳಿದ್ರೆ ಅವನು ತಿಳಿದ ಹಾಗೆ.”

ಆ ಮಾತು ನನಗೆ ಹಿಡಿಸ್ತು. ನಮ್ಮನೆಯವರು ಪದೇಪದೇ ಆಡೋ ಮಾತು ‘ಆಮೇಲೆ ನೋಡೋಣ’. ಆಡೋದೇ ಇಲ್ಲದ ಮಾತು ‘ಚೆನ್ನಾಗಿದೆ’. ಸರಿಯಾಗಿದೆಯಲ್ಲ, ಪೂರ್ತಿ ಮನುಷ್ಯ ಸಿಕ್ಕಿಬಿಟ್ಟ ಅಂದ್ಕೊಂಡೆ. ಕೈ ಎತ್ತಿದೆ.

ಐದು ಜನ ಹೆಂಗಸರು ಶುರುಮಾಡಿದ್ವಿ. ದಸರಾ ಗೊಂಬೆ ಕೂರ್ಸೋ ಹೊತ್ತಿಗೆ ನಾಲ್ಕು ಜನ ಜಾರ್ಕೊಂಡ್ರು. ಮೇಷ್ಟ್ರಿಗೆ ಅದೂ ಅನುಕೂಲ ಆಯ್ತು. “ಒಂದೇ ಕೈಬರಹ ಇರ್ಲಿ ತಾಯಿ, ನೀವೇ ಮೊದಲಿಂದ ಎಲ್ಲಾ ಬರೀರಿ” ಅಂದು, ಆ ಕಾವ್ಯದ ಪುಸ್ತಕಾನ ನನ್ನ ಕೈಗಿಟ್ರು. ಅವರ ವಿಭಾಗದಲ್ಲಿದ್ದದ್ದು ಅದೊಂದೇ ಪ್ರತಿ. ಅಂಗಡೀಲಿ ಸಿಗ್ತಿರ್ಲಿಲ್ಲ.

ಈಗ ಸುಳ್ಳಿನ ವಿಷಯಕ್ಕೆ ಬರ್ತೀನಿ. ನಾನು ಬರ್ದಿದ್ದು ಮೂರೇ ದಿನ. ನಾಲ್ಕನೇ ದಿನ ಹಳೆಗನ್ನಡದ ಸಾಲು ಒಡೆಯೋಕೆ ಬರದೆ ತಲೆ ಕೆಟ್ಟು ಕೂತಿದ್ದಾಗ ಅತ್ತೆ ಕಿಟಕಿ ಹತ್ರದಿಂದ, “ಕೊಡಮ್ಮಾ ಇಲ್ಲಿ” ಅಂದ್ರು. ನಮ್ಮತ್ತೆಯ ತಂದೆ ಗಮಕ ಓದ್ತಿದ್ದೋರು. ಇವರು ಚಿಕ್ಕೋರಿದ್ದಾಗಿಂದ ಪಕ್ಕದಲ್ಲಿ ಕೂತು ಕೇಳ್ಕೊಂಡು ಬೆಳೆದೋರು. ಎಂಥಾ ಗಂಟುಗಂಟಾದ ಪದ್ಯಾನೂ ಅವರೆಕಾಳು ಹಿದುಕಿದ ಹಾಗೆ ಬಿಡಿಸಿಬಿಡೋರು. ಅಕ್ಷರಾನೋ, ಮುತ್ತು. ಬೆಳಗ್ಗೆ ಪೂಜೆ ಆದ್ಮೇಲೆ ಕೂತ್ರೆ ಊಟದ ಹೊತ್ತಿಗೆ ಐವತ್ತು ಕಾರ್ಡು. ನಾನು ವಾರಕ್ಕೊಂದ್ಸಲ ಅದನ್ನ ಸ್ವೀಟ್ ಡಬ್ಬದಲ್ಲಿ ತುಂಬ್ಕೊಂಡು ಮೇಷ್ಟ್ರಿಗೆ ಕೊಡೋದು, “ಬರ್ದೂ ಬರ್ದೂ ಬೆರಳು ನೋವು ಸಾರ್” ಅನ್ನೋದು.

“ನಿಮ್ಮ ಅಕ್ಷರ ಅಂದ್ರೆ ಅಕ್ಷರ ತಾಯಿ!”

“ಏನೋ ಸಾರ್, ದೇವ್ರು ಕೊಟ್ಟಿದ್ದು” ಅಂತ ತಲೆ ತಗ್ಗಿಸ್ತಿದ್ದೆ. ಸಂಘದಲ್ಲಿ ನನಗೆ ಶಾಲು ಹೊದಿಸಿದ್ರು. ಚೆನ್ನೈ ಮೇ ತಿಂಗಳಲ್ಲಿ, ಉಣ್ಣೆ ಶಾಲು. ದೇವ್ರು ಆಗಲೇ ಶಿಕ್ಷೆ ಕೊಡೋಕೆ ಶುರುಮಾಡಿದ್ದ, ನನಗೆ ಅರ್ಥ ಆಗ್ಲಿಲ್ಲ.

ಅತ್ತೆಗೆ ಇದೆಲ್ಲ ಗೊತ್ತಿತ್ತು. “ನನ್ನ ಹೆಸರು ಯಾಕಮ್ಮ, ಗಂಡಸರ ಕಚೇರಿಯಲ್ಲಿ” ಅಂತಿದ್ರು. ಅವರಿಗೆ ಬೇಕಾಗಿದ್ದು ಕಾರ್ಡುಗಳ ಜೊತೆ ಮಾತಾಡೋಕೆ ಒಬ್ಬರು. ಬರೀತಾ ಬರೀತಾ ಒಂದೊಂದು ಹೊಸಾ ವಿಷಯ ಹೇಳೋರು. ಒಂದಿನ ಸಾರಿಗೆ ಒಗ್ಗರಣೆ ಹಾಕ್ತಿದ್ದೆ, ಅಲ್ಲಿಂದ್ಲೇ ಕೂಗಿದ್ರು.

“ನೋಡೆ, ಈ ಕಾವ್ಯದಲ್ಲಿ ಎಲ್ಲಾರೂ ಉಣ್ತಾನೇ ಇರ್ತಾರೆ. ರಾಜ ಉಣ್ತಾನೆ, ಮಂತ್ರಿ ಉಣ್ತಾನೆ, ಸೈನ್ಯ ಉಣ್ಣತ್ತೆ. ಉಣ್ಣೋ ಕಾರ್ಡು ಒಂದು ಕಟ್ಟು ಆಯ್ತು. ಅಡಿಗೆ ಮಾಡಿದ ಕಾರ್ಡು ಒಂದೇ ಒಂದು.”

“ಅದರಲ್ಲಿ ಯಾರು ಮಾಡ್ತಾರೆ ಅತ್ತೆ?”

“ಅದೂ ಯಾರೋ ಸೀದಿಸಿದ್ರು ಅಂತ ಬಂದಿರೋದು!”

ಇಬ್ಬರೂ ನಗ್ತಾ ಕೂತ್ವಿ, ಒಗ್ಗರಣೆ ಸೀದುಹೋಯ್ತು.

ಕಾರ್ಡು ಜೋಡ್ಸೋಕೆ ಮೇಷ್ಟ್ರ ಹತ್ರ ಒಬ್ಬಳು ಹುಡುಗಿ ಇದ್ಲು, ಪಿಎಚ್‌ಡಿ ಮಾಡ್ತಿದ್ದೋಳು. ಉಡುಪಿ ಕಡೆಯವಳು. ನಮ್ಮ ಪಕ್ಕದ ಬೀದಿ ಹೋಟ್ಲಲ್ಲಿ ಅವಳಪ್ಪ ಗಲ್ಲಾದಲ್ಲಿ ಕೂತ್ಕೋತಿದ್ರು, ಸ್ವೀಟ್ ಡಬ್ಬ ಬರ್ತಿದ್ದದ್ದೂ ಅಲ್ಲಿಂದ್ಲೇ. ಮಾತಾಡಿದ್ರೆ ಪಟಪಟ. ನನ್ನನ್ನ ಮಾಮಿ ಅಂತಿದ್ಲು, ಅತ್ತೇನ ಅಜ್ಜಿ, ಮಾವನ್ನ ಅಜ್ಜ. ಆ ಪದಸೂಚಿ ಮೇಲೇ ಅವಳ ಥೀಸಿಸ್ಸು. ಐದು ವರ್ಷದ ಅವಧಿ, ಪದಸೂಚಿ ಮುಗಿದ ವರ್ಷದ ಡಿಸೆಂಬರಿಗೇ ಮುಗಿಯೋದು. ಅಷ್ಟರಲ್ಲಿ ಮೇಷ್ಟ್ರು ಸಹಿ ಹಾಕಿ ಥೀಸಿಸ್ ಒಳಗೆ ಹೋದ್ರೆ ಡಿಗ್ರಿ. ಇಲ್ದಿದ್ರೆ ರಿಜಿಸ್ಟ್ರೇಶನ್ ರದ್ದು, ಐದು ವರ್ಷ ನೀರಿಗೆ. ಅಪ್ಪ ಖಂಡಿತ ಹೇಳಿದ್ರಂತೆ, ಇನ್ನೊಂದ್ಸಲ ಓದೋಕೆ ಕಳ್ಸೋಲ್ಲ ಅಂತ.

ಎರಡು ವರ್ಷ ಹಿಡೀತು. ಎರಡು ಸಾವಿರದ ಇಸವಿ ದಾಟಿದ್ಮೇಲೆ ಕಾರ್ಡೆಲ್ಲ ಮುಗಿದು, ಪದಸೂಚಿ ಡಿಟಿಪಿ ಆಗಿ, ಇಟ್ಟಿಗೆ ದಪ್ಪದ ಕಟ್ಟು ಮೇಷ್ಟ್ರ ಮೇಜಿನ ಮೇಲೆ ಬಂದು ಕೂತ್ಕೊಳ್ತು. ನನ್ನ ಮಗ ಒಂದು ಸಲ ಅದನ್ನ ನೋಡಿ, “ಕಂಪ್ಯೂಟರ್ ರೆಂಡು ನಿಮಿಷತ್ತಿಲೆ ಪಣ್ಣಿಡುಮ್ಮಾ” ಅಂದ. ಎರಡು ನಿಮಿಷದಲ್ಲಿ ಮಾಡ್ಬಿಡತ್ತಂತೆ. ಕಂಪ್ಯೂಟರ್ ಮಾಡಿದ್ರೆ ಈ ಕತೆ ನಡೀತಾನೇ ಇರ್ಲಿಲ್ಲ, ಅದಕ್ಕೆ ಗಂಡ ಇಲ್ವಲ್ಲ.

ನವೆಂಬರ್ ಕೊನೇ ವಾರ ರಾಜ್ಯೋತ್ಸವ. ಸಂಘದಲ್ಲಿ ಮೇಷ್ಟ್ರದ್ದು ವಿಶೇಷ ಉಪನ್ಯಾಸ. ನೀರು ಕುಡಿದು, ಗಂಟಲು ಸರಿಮಾಡ್ಕೊಂಡು, ಇಡೀ ಸಭೆ ಕಡೆ ಒಂದು ಸಲ ನೋಡಿ ಹೇಳಿದ್ರು:

“ಈ ಮಹಾಕವಿ ತನ್ನ ಇಡೀ ಕಾವ್ಯದಲ್ಲಿ ‘ಚಂದ್ರ’ ಎಂಬ ಪದವನ್ನ ಒಂದೇ ಒಂದು ಸಲಾನೂ ಬಳಸಿಲ್ಲ!”

ಸಭೆ ‘ಹಾ’ ಅಂತು.

“ತಿಂಗಳು ಅಂತಾನೆ. ಶಶಿ ಅಂತಾನೆ. ಇಂದು ಅಂತಾನೆ. ಚಂದ್ರ ಅನ್ನೋಲ್ಲ. ಯಾಕೆ? ಇದು ಮರೆವಲ್ಲ, ಇದು ವ್ರತ! ಚಂದ್ರ ಅನ್ನೋ ಹೆಸರಿನ ಒಬ್ಬ ಶತ್ರು ಕವಿಗಿದ್ದ. ಇಲ್ಲಾ ಚಂದ್ರವಂಶದ ಅರಸು ಇವನಿಗೆ ಅವಮಾನ ಮಾಡಿದ್ದ. ಆ ಹೆಸರು ನನ್ನ ಬಾಯಲ್ಲಿ ಬರಬಾರ್ದು ಅಂತ ಶಪಥ ಮಾಡಿದಾನೆ!”

ಚಪ್ಪಾಳೆ. ಆಮೇಲೆ ಪ್ರಶ್ನೋತ್ತರ. ಜ್ಯೋತಿಷ್ಯ ಹೇಳೋ ರಿಟೈರ್ಡ್ ಇಂಜಿನಿಯರ್ ಒಬ್ಬರು ಎದ್ದು, ಕವಿ ಜಾತಕದಲ್ಲಿ ಚಂದ್ರ ಎಂಟನೇ ಮನೇಲಿ ನೀಚನಾಗಿರ್ಬೇಕು ಅಂದ್ರು. ಅಡ್ಯಾರಿಂದ ಕಾರಲ್ಲಿ ಬಂದಿದ್ದ ಒಬ್ಬರು ಕವಿಗೆ ಬೆಳದಿಂಗಳಲ್ಲಿ ಪ್ರೇಮಭಂಗ ಆಗಿರ್ಬೇಕು ಅಂದ್ರು, ಅವರ ಹೆಂಡ್ತಿ ಅವರ ಮುಖಾನೇ ನೋಡಿದ್ರು. ಮೇಷ್ಟ್ರು ಎರಡನ್ನೂ ‘ಸಾಧ್ಯತೆ ಇದೆ’ ಅಂತ ಒಪ್ಕೊಂಡು ಬರ್ಕೊಂಡ್ರು. ಹುಡುಗಿ ಥೀಸಿಸ್ಸಿನ ನಾಲ್ಕನೇ ಅಧ್ಯಾಯ ಪೂರ್ತಿ ಇದೇ ವಿಷಯ, ಮೇಷ್ಟ್ರೇ ಬರೆಸಿದ್ದು.

ಅಷ್ಟು ಜನರಲ್ಲಿ ಒಬ್ಬರೂ ‘ಪುಸ್ತಕ ತೆಗೆದು ನೋಡಿದ್ರಾ’ ಅಂತ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ, ಬಿಡಿ. ಪುಸ್ತಕ ನಮ್ಮನೇಲೇ, ಪಂಚಾಂಗದ ಪಕ್ಕದಲ್ಲಿತ್ತು. ಮೇಷ್ಟ್ರು ಅದನ್ನ ಓದಿದ್ದು ಅವರು ಎಂ.ಎ. ಮಾಡುವಾಗ. ಈಗ ಸೂಚಿ ಬಂದಿದೆಯಲ್ಲ, ಕಾವ್ಯ ಯಾಕೆ?

ಮನೆಗೆ ಬಂದು ಕಾಫಿ ಕುಡೀತಾ ಇದನ್ನ ಹೇಳಿದೆ. ನಮ್ಮ ಮಾವನ ಹೆಸರು ಪೂರ್ತಿ ಬರೆಯೋಲ್ಲ. ಅದರ ಮೊದಲನೇ ಭಾಗ ‘ಚಂದ್ರ’ ಅಂತ ತಿಳ್ಕೊಳ್ಳಿ, ಸಾಕು. ಮಾವನಿಗೆ ತನ್ನ ಹೆಸರಿನ ಮೇಲೆ ಬಲೇ ಅಭಿಮಾನ. ಲೋಟ ಟಣ್ ಅಂತ ಕುಕ್ಕಿದ್ರು.

“ಏನು? ನನ್ನ ಹೆಸರೇ ಇಲ್ವಾ? ಎಂಥಾ ಕವಿ ಅವನು! ಚಂದ್ರ ಇಲ್ಲದೆ ಯಾವನಾದ್ರೂ ಕಾವ್ಯ ಬರೀತಾನಾ? ಕೊಡಿಲ್ಲಿ ಪುಸ್ತಕ!”

ಭೂತಗನ್ನಡಿ ಹಿಡ್ಕೊಂಡು ಕೂತ್ರು. ಐದು ನಿಮಿಷ ಆಗಿಲ್ಲ, ಮೂರನೇ ಪದ್ಯದಲ್ಲೇ ಕೂಗಿದ್ರು, “ಇಲ್ಲೇ ಇದ್ದೀನಲ್ಲ!” ಇನ್ನೆರಡು ಹಾಳೆ ತಿರುಗಿಸಿ, “ಇಲ್ಲೂ ಇದ್ದೀನಿ!” ಹನ್ನೊಂದನೇ ಪುಟದಲ್ಲಿ, “ಇಲ್ಲಿ ಚಂದ್ರಮುಖಿ ಜೊತೆಗಿದ್ದೀನಿ!”

ನಾನು ಅತ್ತೆ ಕಡೆ ತಿರುಗಿದೆ. ಅತ್ತೆ ಹೂವಿನ ಬುಟ್ಟಿ ಒಳಗೆ ಏನೋ ಬಹಳ ಮುಖ್ಯವಾದ್ದನ್ನ ಹುಡುಕ್ತಿದ್ರು.

“ಅತ್ತೆ.”

“ಹೂಂ.”

“ಇದು ನೀವು ಬರೀಲಿಲ್ವಾ?”

“ಬರ್ದೆ. ಕಾರ್ಡು ಒಂದೂ ಬಿಟ್ಟಿಲ್ಲ. ಪದದ ಜಾಗ ಮಾತ್ರ ಬಿಟ್ಟೆ.”

“ಯಾಕೆ?”

ಅತ್ತೆ ನನ್ನನ್ನ ನೋಡಿದ ನೋಟ ಈಗಲೂ ಕಣ್ಣಲ್ಲಿದೆ. ಹುಚ್ಚಿ ಪ್ರಶ್ನೆ ಕೇಳಿದ ಹಾಗೆ. “ಹೇಗೆ ಬರೀಲೇ? ಗಂಡನ ಹೆಸರು, ಬಾಯಲ್ಲಿ ಹೇಳೋ ಹಾಗಿಲ್ಲ, ಕೈಯಲ್ಲಿ ಬರೀಬಹುದಾ?”

ಮದುವೆಯಾಗಿ ಐವತ್ತು ವರ್ಷ ಆ ಪದ ಅವರ ಬಾಯಲ್ಲಿ ಬಂದಿರ್ಲಿಲ್ಲ. ರೇಷನ್ ಕಾರ್ಡಿಗೆ ಬಂದೋನು ಯಜಮಾನ್ರ ಹೆಸರು ಕೇಳಿದ್ರೆ ನನ್ನನ್ನ ಕರೀತಿದ್ರು. ಸಂಕಷ್ಟಿ ದಿನ ಚಂದ್ರ ನೋಡ್ಬೇಕಾದ್ರೆ “ಮೇಲೆ ಬಂದ್ರಾ ನೋಡು” ಅಂತಿದ್ರು, ಬಹುವಚನದಲ್ಲಿ! ನನಗೆ ಇದೆಲ್ಲ ಗೊತ್ತಿತ್ತು. ಆದ್ರೂ ಎರಡು ವರ್ಷ ಹೊಳೀಲಿಲ್ಲ. ನಾನೋ, ನಮ್ಮನೆಯವರ ಹೆಸರನ್ನ ಅಡಿಗೆಮನೆ ಬಾಗಿಲು ಹಾಕ್ಕೊಂಡು ನೂರು ಸಲ ಹೇಳ್ತಿದ್ದೆ, ಮುಂದೆ ಒಂದೆರಡು ವಿಶೇಷಣ ಸೇರಿಸಿ.

ಅತ್ತೆ ಮಾಡಿದ್ದು ಇಷ್ಟು. ಆ ಪದ ಬಂದಲ್ಲೆಲ್ಲಾ ಮೂರು ಚುಕ್ಕಿ. ಕಾರ್ಡಿನ ಮೇಲೂ ಚುಕ್ಕಿ, ಸಾಲಿನ ಒಳಗೂ ಚುಕ್ಕಿ. ಚಂದ್ರಮುಖಿ ಇದ್ದಲ್ಲಿ ಚುಕ್ಕಿ ಚುಕ್ಕಿ ಚುಕ್ಕಿ ಮುಖಿ. ಕಾವ್ಯದ ನಾಯಕಿಗೆ ಸಿಡುಬು ಬಂದ ಹಾಗೆ. ನಂಬರು ಮಾತ್ರ ಸರಿಯಾಗಿ ಹಾಕಿದ್ರು, ನಿಯತ್ತು ಅಂದ್ರೆ ನಿಯತ್ತು.

ಆಗ್ಲೇ ಚಪ್ಪಲಿ ಮೆಟ್ಟಿ ಹುಡುಗಿ ಮನೆಗೆ ಓಡಿದೆ. ಪುಸ್ತಕ ಬಿಚ್ಚಿ ಮೂರನೇ ಪದ್ಯ ತೋರ್ಸಿದೆ. ಬರ್ದಿದ್ದು ನಾನಲ್ಲ, ನಮ್ಮತ್ತೆ ಅಂತಾನೂ ಹೇಳಿದೆ. ಅವಳ ಮುಖ ಬೆಳ್ಳಗಾಯ್ತು.

“ಎಂತ ಮಾಮಿ ನೀವು! ಆ ಚುಕ್ಕಿ ಕಾರ್ಡುಗಳೆಲ್ಲ ನನ್ನ ಹತ್ರ ಕಟ್ಟು ಕಟ್ಟಿ ಉಂಟು ಮಾರಾಯ್ರೆ! ನಾನು ಆವಾಗ್ಲೇ ಸರ್ ಹತ್ರ ಕೇಳಿದ್ದೆ ಇದೆಂತ ಅಂತ. ‘ತಾಳೆಗರಿ ಮುರಿದು ಅಕ್ಷರ ಹೋದ ಜಾಗ, ಸಂಪಾದಕರು ಹಾಗೇ ಚುಕ್ಕಿ ಹಾಕೋದು, ಪಕ್ಕಕ್ಕಿಡು’ ಅಂದ್ರು.”

“ಪುಸ್ತಕ ನೋಡ್ಬೇಕು ಅನ್ನಿಸ್ಲಿಲ್ವೇನೇ ನಿನಗೆ?”

“ಪುಸ್ತಕ ನಿಮ್ಮನೇಲಿ ಅಲ್ವಾ ಇದ್ದದ್ದು!”

ಅದೂ ನಿಜ. ಅವಳು ಗೋಡೆ ಕ್ಯಾಲೆಂಡರ್ ನೋಡಿದ್ಲು. ಆಮೇಲೆ ಅವಳು ಸಣ್ಣ ದನೀಲಿ, “ಮಾಮಿ, ಇನ್ನು ಇಪ್ಪತ್ತು ದಿನ ಉಂಟು. ನಾಲ್ಕನೇ ಅಧ್ಯಾಯ ಬಿದ್ರೆ ಸರ್ ಸಹಿ ಹಾಕ್ತಾರಾ?” ಅಂದ್ಲು.

ಮಾರನೇ ದಿನ ಇಬ್ಬರೂ ಹೋಗಿ ಮೇಷ್ಟ್ರ ಮುಂದೆ ನಿಂತ್ವಿ. ನಾನು ಶಾಲು ಮಡಿಸಿ ಮೇಜಿನ ಮೇಲಿಟ್ಟೆ. ಎಲ್ಲಾ ಹೇಳಿದೆ. ಮೂರನೇ ಪದ್ಯ ತೋರ್ಸಿದೆ. ಅವರು ಪದ್ಯ ಓದಿದ್ರು. ಕನ್ನಡಕ ತೆಗೆದು ಒರೆಸಿದ್ರು. ಮತ್ತೆ ಓದಿದ್ರು. ಚಂದ್ರ ಅಲ್ಲೇ ಇದ್ದ, ಒರೆಸಿದ್ರೆ ಹೋಗ್ತಾನಾ?

“ಇದು ಪ್ರಕ್ಷಿಪ್ತ” ಅಂದ್ರು.

“ಹಾಗಂದ್ರೆ ಸಾರ್?”

“ಯಾರೋ ಆಮೇಲೆ ತುರುಕಿದ್ದು. ಕವಿ ಬರ್ದಿದ್ದಲ್ಲ.”

“ಹನ್ನೊಂದನೇ ಪುಟದಲ್ಲೂ ಇದೆ ಸಾರ್.”

“ಅದೂ ಪ್ರಕ್ಷಿಪ್ತ.”

“ಸಾರ್, ನಮ್ಮ ಮಾವ ರಾತ್ರಿಯೆಲ್ಲ ಕೂತು ಎಣಿಸಿದ್ದಾರೆ. ಎಪ್ಪತ್ಮೂರು ಕಡೆ ಇದೆ.”

“ಎಪ್ಪತ್ಮೂರೂ ಪ್ರಕ್ಷಿಪ್ತ! ಕವಿ ಚಂದ್ರ ಅನ್ನೋಲ್ಲ ಅಂದ್ಮೇಲೆ, ಚಂದ್ರ ಅಂತ ಇರೋ ಪದ್ಯ ಕವೀದು ಹೇಗಾಗತ್ತೆ ತಾಯಿ? ಸ್ವಲ್ಪ ತರ್ಕ ಇಟ್ಕೊಂಡು ಯೋಚ್ನೆ ಮಾಡಿ.”

ನನಗೆ ಸ್ವಲ್ಪ ಹೊತ್ತು ತಲೆ ಸುತ್ತಿತು. ಆ ತರ್ಕದಲ್ಲಿ ಸಂದೀನೇ ಇಲ್ಲ ನೋಡಿ. ನಮ್ಮನೆಯವರು ಯಾವತ್ತೂ ‘ಚೆನ್ನಾಗಿದೆ’ ಅನ್ನೋಲ್ಲ. ಹಾಗಾಗಿ ಯಾವತ್ತಾದ್ರೂ ಅಂದ್ರೆ ಅವತ್ತು ಬಂದೋರು ನಮ್ಮನೆಯವರಲ್ಲ.

“ನಿಮ್ಮತ್ತೆಯವರ ಬಗ್ಗೆ ನನಗೆ ಗೌರವ ಇದೆ” ಅಂದ್ರು, ಶಾಲನ್ನ ನನ್ನ ಕಡೆ ತಳ್ಳಿ. “ನಮ್ಮ ಸಂಸ್ಕೃತಿ ಅದು. ಆದ್ರೆ ನನ್ನ ಲೇಖನ ಆಗ್ಲೇ ಪತ್ರಿಕೆಗೆ ಹೋಗಿದೆ.” ಆಮೇಲೆ ಹುಡುಗಿ ಕಡೆ ತಿರುಗಿ, “ನಾಲ್ಕನೇ ಅಧ್ಯಾಯ ಹಾಗೇ ಇರತ್ತೆ. ಇಲ್ಲಾ, ಸಹಿ ಬೇರೆಯೋರ ಹತ್ರ ಹಾಕಿಸ್ಕೋ” ಅಂದ್ರು.

ಬೇರೆಯೋರು ಅಂತ ಆ ವಿಭಾಗದಲ್ಲಿದ್ದದ್ದು ಅಟೆಂಡರ್ ಒಬ್ಬನೇ.

ಹೊರಗೆ ಬಂದು ಬಸ್‌ಸ್ಟಾಪಲ್ಲಿ ನಿಂತಾಗ ಹುಡುಗಿ ಅಳ್ಲಿಲ್ಲ. ನಾನಾಗಿದ್ರೆ ಅಳ್ತಿದ್ದೆ. “ಹಾಗೇ ಕೊಟ್ಬಿಡೇ, ಡಿಗ್ರಿ ಬರ್ಲಿ. ಯಾರು ಓದ್ತಾರೆ?” ಅಂದೆ ನಾನು, ಕೆಟ್ಟ ಬುದ್ಧಿ.

“ಹೊರಗಿನ ಪರೀಕ್ಷಕರು ಓದಿದ್ರೆ? ವೈವಾದಲ್ಲಿ ಮೂರನೇ ಪದ್ಯ ತೆಗೆದು ಕೇಳಿದ್ರೆ ನಾನೆಂತ ಹೇಳೋದು ಮಾಮಿ, ಪ್ರಕ್ಷಿಪ್ತ ಅಂತ್ಲಾ? ಸರ್ ಹಾಗೆ ಹೇಳಿದ್ರೆ ಸಿದ್ಧಾಂತ, ನಾನು ಹೇಳಿದ್ರೆ ಫೇಲು.” ಬಸ್ಸು ಬಂತು. ಹತ್ತುವಾಗ ತಿರುಗಿ, “ಮೊದ್ಲು ಕಾರ್ಡು ಸರಿ ಮಾಡುವ” ಅಂದ್ಲು.

ಎಪ್ಪತ್ಮೂರು ಪದ್ಯದ ಚುಕ್ಕಿ ಕಾರ್ಡುಗಳನ್ನ ಅವತ್ತು ಸಾಯಂಕಾಲಾನೇ ನಮ್ಮ ಮನೆಗೆ ತಂದ್ಲು. ಅತ್ತೆ ಮುಂದೆ ಇಟ್ವಿ. ಅತ್ತೆ ಪೆನ್ ಮುಟ್ಲಿಲ್ಲ.

“ಆ ಮಗೂಗೆ ಕಷ್ಟ ಆಯ್ತು ಅಂತ ನನಗೂ ಸಂಕಟಾನೇ. ಏನ್ ಬೇಕಾದ್ರೂ ಮಾಡ್ತೀನಿ. ಇದೊಂದು ಬೇಡ.”

“ಅಜ್ಜಿ, ಇದು ಅಜ್ಜನ ಹೆಸರಲ್ಲ, ಆಕಾಶದ ಚಂದ್ರ!”

“ಆಕಾಶದ್ದೇ ಇಟ್ಟಿದ್ದು ಅವರಿಗೆ.”

ನಾನು ಬರೀತೀನಿ ಅಂದೆ. ನನ್ನ ಅಕ್ಷರ ನೋಡಿ ಹುಡುಗಿ ನಯವಾಗಿ ಪೆನ್ ಕಿತ್ಕೊಂಡ್ಲು. ಆಗ ಈಜಿಚೇರಿಂದ ಮಾವ ಎದ್ರು. “ನನ್ನ ಹೆಸರು, ನಾನೇ ಬರೀತೀನಿ. ಯಾರ ಅಪ್ಪಣೆ ಬೇಕು?” ಅಂದ್ರು. ಮೇಜು ಎಳ್ಕೊಂಡು, ಇಂಕ್ ಪೆನ್ನು ತುಂಬಿಸ್ಕೊಂಡು, ಮದುವೆ ರಿಜಿಸ್ಟ್ರಿಗೆ ಕೂತ ಹಾಗೆ ಕೂತ್ರು. ಮೊದಲನೇ ಕಾರ್ಡಲ್ಲಿ ಚಂದ್ರ ಅಂತ ದೊಡ್ಡದಾಗಿ ಬರ್ದು, ಕೆಳಗೊಂದು ಗೆರೆ ಎಳೆದು, ಹಿಂದೆ ಎರಡು ಇನಿಶಿಯಲ್ ಸೇರ್ಸಿದ್ರು.

“ಅಜ್ಜ, ಇನಿಶಿಯಲ್ ಬೇಡ!”

“ಇರ್ಲಿ ಬಿಡು, ಯಾವ ಚಂದ್ರ ಅಂತ ಗೊತ್ತಾಗ್ಬೇಕಲ್ಲ.”

ಎರಡು ದಿನ ಬರ್ದ್ರು. ಪ್ರತಿ ಕಾರ್ಡನ್ನೂ ಗಟ್ಟಿಯಾಗಿ ಓದಿ, ಕವಿ ತನ್ನ ಬಗ್ಗೆ ಏನೇನು ಹೊಗಳಿದ್ದಾನೆ ಅಂತ ಮನೆಗೆಲ್ಲ ಕೇಳಿಸಿದ್ರು. ತಂಪು, ಕಾಂತಿ, ಅಮೃತ. ಅತ್ತೆ ಒಳಗಿಂದ, “ಅಲ್ಲಿ ಕಳಂಕ ಅಂತಾನೂ ಬರತ್ತೆ, ಅದನ್ನೂ ಗಟ್ಟಿಯಾಗಿ ಓದಕ್ಕೆ ಹೇಳು” ಅಂದ್ರು ನನಗೆ. ಮಾವ ಆ ಕಾರ್ಡನ್ನ ಮಾತ್ರ ಮನಸ್ಸಲ್ಲೇ ಓದ್ಕೊಂಡಿದ್ರು.

ಕಾರ್ಡು ಸರಿಹೋಯ್ತು, ಅಧ್ಯಾಯ? ಇದ್ದದ್ದನ್ನ ಕಿತ್ರೆ ಅಲ್ಲಿ ದೊಡ್ಡ ಗುಂಡಿ. ಹುಡುಗಿ ನಮ್ಮ ಅಡಿಗೆಮನೆ ಕಟ್ಟೆ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ಲು. ಅತ್ತೆ ಅವಳಿಗೆ ಕಾಫಿ ಕೊಟ್ಟು, “ಉಣ್ಣೋರ ಕಾರ್ಡು ನೋಡಿದೀಯಾ?” ಅಂದ್ರು. ಉಣ್ಣೋದು ಒಂದು ಕಟ್ಟು, ಬೇಯ್ಸೋದು ಒಂದು ಕಾರ್ಡು. ಹಾಗೇ, ಯುದ್ಧಕ್ಕೆ ಹೋಗೋದು ಅಷ್ಟು ಸಲ, ರಕ್ತದ ಬಟ್ಟೆ ಒಗೆಯೋದು ಒಂದೂ ಇಲ್ಲ. ರಾಜಕುಮಾರ ಹುಟ್ಟೋದು ನಾಲ್ಕು ಸಲ, ಸೂಲಗಿತ್ತಿ ಸೊನ್ನೆ.

“ಇಲ್ದೆ ಇರೋ ಪದ ಹುಡುಕ್ಬೇಕು ಅಂದ್ರೆ ಇದನ್ನ ಹುಡುಕ್ಬೇಕಮ್ಮ. ಪುಸ್ತಕಾನೂ ಇಲ್ಲೇ ಇದೆ, ತೆಗೆದು ನೋಡ್ಕೊಂಡು ಬರಿ.”

ಹುಡುಗಿ ಕಾಫಿ ಆರೋಕೆ ಬಿಟ್ಟು ಬರೆಯೋಕೆ ಕೂತ್ಲು. ಹದಿನೈದು ದಿನ ನಮ್ಮನೇಲೇ ಊಟ. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಪುಸ್ತಕ, ಎರಡೂ ತಾಳೆ ನೋಡ್ದೇ ಒಂದು ಸಾಲೂ ಬರೀಲಿಲ್ಲ. ಹೊಸ ನಾಲ್ಕನೇ ಅಧ್ಯಾಯದ ಮೊದಲನೇ ಪುಟದಲ್ಲೇ ಚಂದ್ರ ಹೇಗೆ ಕಾಣೆಯಾದ, ಯಾವ ಮರ್ಯಾದೆಗೆ ಕಾಣೆಯಾದ, ಪದಸೂಚಿ ಮಾಡೋ ಕೈ ಯಾರದ್ದು ಅಂತ ಕೇಳ್ದೇ ಪದಸೂಚಿ ನಂಬಬಾರ್ದು ಅಂತ ಚೆನ್ನಾಗಿ ಬರ್ದಿದ್ಲು. ಓದಿ ನನಗೆ ಖುಷಿಯಾಯ್ತು, ಹಿಂದೇನೇ ಹೆದರಿಕೆ.

“ಇದನ್ನ ನೋಡಿದ್ರೆ ಮೇಷ್ಟ್ರು ಹಾಳೆ ಹರಿದು ಮುಖಕ್ಕೆ ಎಸೀತಾರಲ್ಲೇ!”

“ನೋಡಿದ್ರೆ ತಾನೇ ಮಾಮಿ?” ಅಂದ್ಲು. “ಸರ್ ಯಾರ ಥೀಸಿಸ್ ಕೂಡ ಮುಂದಿಂದ ಬಿಚ್ಚೋದಿಲ್ಲ. ಐದು ವರ್ಷದಿಂದ ನೋಡ್ತಾ ಇದ್ದೇನೆ. ಹಿಂದಿಂದ ಬಿಚ್ತಾರೆ, ಹೆಸರುಗಳ ಪಟ್ಟಿ ಉಂಟಲ್ಲ, ಅಲ್ಲಿ ಅವರ ಹೆಸರು ಎಷ್ಟು ಪುಟದಲ್ಲಿ ಉಂಟು ಅಂತ ನೋಡ್ತಾರೆ. ಎರಡೇ ಇದ್ರೆ ಎರಡು ತಿಂಗಳು ಸಹಿ ಇಲ್ಲ.”

ಒಂದು ರಾಶಿ ಹಾಳೆ ತಿರುವಿ ತೋರ್ಸಿದ್ಲು. ನಾಲ್ಕನೇ ಅಧ್ಯಾಯದಲ್ಲಿ ಪುಟಕ್ಕೊಂದ್ಸಲ ಮೇಷ್ಟ್ರ ಹೆಸರು. ಮೇಷ್ಟ್ರು ಕಾರ್ಡಿನ ಅಳತೆ ಹೇಳಿಕೊಟ್ಟಿದ್ದು, ಡಬ್ಬ ಇಡೋಕೆ ಬೀರು ಕೊಟ್ಟಿದ್ದು, ಒಂದು ಮಳೆ ದಿನ ಛತ್ರಿ ಕೊಟ್ಟಿದ್ದು, ಒಂದೂ ಬಿಟ್ಟಿರ್ಲಿಲ್ಲ. ಒಂದೂ ಸುಳ್ಳಲ್ಲ. ನನಗಿಂತ ಕಿಲಾಡಿ.

ಕೊನೇ ದಿನಕ್ಕೆ ಎರಡು ದಿನ ಇರೋವಾಗ ಥೀಸಿಸ್ ಬೈಂಡ್ ಮಾಡಿಸ್ಕೊಂಡು ಒಬ್ಬಳೇ ಹೋದ್ಲು. ಬರ್ತೀನಿ ಅಂದೆ, ಬೇಡ ಅಂದ್ಲು, ನನ್ನ ಮುಖದಲ್ಲಿ ಎಲ್ಲಾ ಗೊತ್ತಾಗತ್ತಂತೆ. ಬೆಳಗ್ಗೆ ಹೋದೋಳು ಮಧ್ಯಾಹ್ನ ಆದ್ರೂ ಇಲ್ಲ. ಅತ್ತೆ ಊಟ ಮಾಡ್ಲಿಲ್ಲ. ಮಾವ ಬಾಲ್ಕನೀಲಿ ನಿಂತು ಹೋಗೋ ಬರೋ ಆಟೋಗಳನ್ನೆಲ್ಲ ಬೈತಿದ್ರು.

ಮೂರು ಗಂಟೆಗೆ ಬಂದ್ಲು. ಬೆವತು ಒದ್ದೆಯಾಗಿದ್ಲು, ಉಸಿರು ಸಿಗ್ತಿರ್ಲಿಲ್ಲ, ಬಾಗಿಲಲ್ಲೇ ಕೂತ್ಲು. ಮೇಷ್ಟ್ರು ಮೊದಲು ಬೇರೆ ಕೆಲಸ ಇದೆ ಅಂತ ಮೂರು ಗಂಟೆ ಕಾಯಿಸಿದ್ರಂತೆ. ಆಮೇಲೆ ಹಿಂದಿನ ರಟ್ಟು ಎತ್ತಿ, ಪಟ್ಟೀಲಿ ಬೆರಳಿಟ್ಟು, ಪುಟದ ನಂಬರು ತುಟಿ ಅಲ್ಲಾಡಿಸ್ತಾ ಓದ್ಕೊಂಡ್ರಂತೆ. ಎರಡು ಸಾಲು ಪೂರ್ತಿ ಬರೀ ನಂಬರು. ‘ನಾಲ್ಕನೇ ಅಧ್ಯಾಯದಲ್ಲಿ ನನ್ನನ್ನ ತುಂಬ ಎಳೆದಿದ್ದೀಯಲ್ಲಮ್ಮಾ’ ಅಂದು ನಕ್ಕ್ರಂತೆ.

ಅತ್ತೆ ನೀರು ಕೊಟ್ಟು, ಎದುರಿಗೆ ಕೂತು ಕೇಳಿದ್ರು: “ಓದಿದ್ರಾ?”

“ಇಲ್ಲ ಅಜ್ಜಿ. ಸಹಿ ಹಾಕಿದ್ರು.”

“ಸದ್ಯ” ಅಂದ್ರು ಅತ್ತೆ. “ಎಲೆ ಹಾಕೇ, ಹಸೀತಿದೆ.”